ಟೈಲರಮ್ಮನ ಪಾಳಿ

ತೀರಾ ಹಿಂದೆಯೂ ಅಲ್ಲದ, ನಿನ್ನೆ ಮೊನ್ನೆಯೂ ಅಲ್ಲದ, ನಡುವಿನ ಯಾವುದೋ ಒಂದು ಕಾಲದಲ್ಲಿ, ಒಂದು ದೊಡ್ಡ ಊರಿನಲ್ಲಿ, ದೇವರನ್ನು ಓದುವ ಹುಡುಗಿಯೊಬ್ಬಳಿದ್ದಳು. ಓರಗೆಯವರು ಲೆಕ್ಕ ಓದುವಂತೆ, ಕಾನೂನು ಓದುವಂತೆ ಇವಳು ವಿಶ್ವವಿದ್ಯಾಲಯದಲ್ಲಿ ಧರ್ಮ ಓದುತ್ತಿದ್ದಳು. ಲಿಫ್ಟು ಸದಾ ಕೆಟ್ಟೇ ಇರುತ್ತಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ ಅವಳ ವಿಭಾಗ. ಒಂದು ಪಕ್ಕದಲ್ಲಿ ಸಂಖ್ಯಾಶಾಸ್ತ್ರದವರು, ಇನ್ನೊಂದು ಪಕ್ಕದಲ್ಲಿ ಶೌಚಾಲಯ. ನಡುವಿನ ಕೆಲವೇ ಕೋಣೆಗಳಲ್ಲಿ ಜಗತ್ತಿನ ದೇವರುಗಳೆಲ್ಲ ಕಬ್ಬಿಣದ ಕಪಾಟುಗಳೊಳಗೆ ಇಕ್ಕಟ್ಟಾಗಿ ಕೂತಿದ್ದರು.

ಮನೆಯಲ್ಲಿ ಅವಳನ್ನು ಯಾಕಮ್ಮ ಎಂದು ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಜ್ಜಿಯ ಕಥೆಗೆ ನಡುನಡುವೆ ಬಾಯಿ ಹಾಕುವುದು ಅವಳ ಚಾಳಿ. ರಾಕ್ಷಸ ಪ್ರಾಣವನ್ನು ಎದೆಯಲ್ಲಿಟ್ಟುಕೊಳ್ಳದೆ ಗಿಳಿಯಲ್ಲಿ ಯಾಕಿಟ್ಟ? ಬೇಡ ಅಂದಮೇಲೂ ರಾಣಿ ಆ ಬಾಗಿಲನ್ನು ಯಾಕೆ ತೆರೆದಳು? ಅಜ್ಜಿ ರೇಗಿ, "ಕಥೆ ಹೇಳೋಳು ನಾನೋ ನೀನೋ, ಯಾಕಮ್ಮ ತಾಯಿ?" ಎಂದದ್ದೇ ಹೆಸರಾಗಿ ಅಂಟಿಕೊಂಡಿತು. ಧರ್ಮ ಓದುತ್ತೇನೆ ಎಂದಾಗ ಅಮ್ಮ ಕೆಲವು ದಿನ ಮಾತು ಬಿಟ್ಟಳು. ಚಿಕ್ಕಪ್ಪನಂತೂ ಸಿಕ್ಕಾಗಲೆಲ್ಲ, "ಡಾಕ್ಟರ್ ಓದಿದೋರು ಡಾಕ್ಟರಾಗ್ತಾರೆ. ನೀನು ಪಾಸಾದ್ರೆ ಏನಾಗ್ತೀಯಮ್ಮ, ದೇವರಾ?" ಎಂದು ಕೇಳಿ ತಾನೇ ನಗುತ್ತಿದ್ದ. ಅಜ್ಜಿಯೊಬ್ಬಳೇ, "ಓದಲಿ ಬಿಡೋ. ನನ್ನ ಹತ್ರ ಸಿಗದೇ ಇದ್ದ ಉತ್ತರ ಅಲ್ಲಾದ್ರೂ ಸಿಗಲಿ," ಎಂದಿದ್ದಳು.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ಮೊದಲ ತರಗತಿಯಲ್ಲೇ ಅವರು ಸೀಮೆಸುಣ್ಣ ಕೆಳಗಿಟ್ಟು ಹೇಳಿದ್ದರು: "ದೇವರು ಇದ್ದಾನೆ ಅನ್ನೋದೂ ನಮ್ಮ ಕೆಲಸ ಅಲ್ಲ, ಇಲ್ಲ ಅನ್ನೋದೂ ನಮ್ಮ ಕೆಲಸ ಅಲ್ಲ. ಜನ ಏನು ಮಾಡ್ತಾರೆ, ಯಾಕೆ ಮಾಡ್ತಾರೆ, ಅಷ್ಟೇ ನಮಗೆ ಬೇಕು. ಪ್ರಾರ್ಥನೆ ನಡೆಯೋ ಕಡೆ ಕಿವಿ ತಗೊಂಡು ಹೋಗಿ, ಬಾಯಿ ಇಲ್ಲೇ ಬಿಟ್ಟು ಹೋಗಿ. ನಂಬಿದವರ ಥರ ನಟಿಸೋದಿದ್ಯಲ್ಲ, ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ."

ಯಾಕಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಇಟ್ಟುಕೊಂಡಳು.

ಕೊನೆಯ ವರ್ಷದ ಪ್ರಬಂಧಕ್ಕಾಗಿ ಅವಳು ಆರಿಸಿಕೊಂಡದ್ದು ಒಂದು ಪುಟ್ಟ ಗುಂಪನ್ನು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ವಾರಕ್ಕೊಮ್ಮೆ ಸಂಜೆ ಸೇರುತ್ತಿದ್ದರು. ಬೋರ್ಡಿಲ್ಲ, ಚಿತ್ರವಿಲ್ಲ, ದೀಪವಿಲ್ಲ. ಗೋಡೆಗೆ ಒತ್ತಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಿಟಕಿ, ಕೆಳಗಿನಿಂದ ಗಾಳಿ ಪಂಪಿನ ಉಸಿರು. ಪ್ರತಿಯೊಬ್ಬರಿಗೂ ಅವರದೇ ಒಂದು ಪ್ರಾರ್ಥನೆ. ಗುಂಪಿಗೆ ಸೇರುವಾಗ ತಾವೇ ಕಟ್ಟಿಕೊಂಡ ನಾಲ್ಕೈದು ಸಾಲು, ಆಮೇಲೆ ಸಾಯುವತನಕ ಅದೇ. ಕೂತ ಸಾಲಿನಲ್ಲಿ ಪಾಳಿ ಬಂದಾಗ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿ ಕೂರಬೇಕು. ಒಬ್ಬರದನ್ನು ಇನ್ನೊಬ್ಬರು ಹೇಳುವಂತಿಲ್ಲ, ತಡವರಿಸಿದರೆ ಎತ್ತಿಕೊಡುವಂತಿಲ್ಲ. ಅಷ್ಟೇ ಅವರ ಧರ್ಮ.

ಅಲ್ಲಿ ಅವಳನ್ನು ಕೂರಿಸಿಕೊಂಡವಳು ಟೈಲರಮ್ಮ. ಬಾಗಿಲ ಬಳಿ ನಿಂತೇ ಇದ್ದ ಹುಡುಗಿಯನ್ನು ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು, "ಕೂತ್ಕೊ ಮಗಳೇ. ನಿಂತಿದ್ರೆ ಬಿಲ್ ವಸೂಲಿಗೆ ಬಂದೋಳ ಹಾಗೆ ಕಾಣ್ತೀಯ," ಎಂದಿದ್ದಳು. ಆವತ್ತಿನಿಂದ ಆ ಕುರ್ಚಿ ಅವಳದಾಯಿತು. ಬಟ್ಟೆ ಹೊಲಿದು ಹೊಲಿದು ಟೈಲರಮ್ಮನ ಬಲಗೈ ಹೆಬ್ಬೆರಳು ಒಳಕ್ಕೆ ಬಾಗಿತ್ತು. ದೊಡ್ಡ ಮಗಳು ಚಿಕ್ಕಂದಿನಲ್ಲೇ ಜ್ವರದಲ್ಲಿ ತೀರಿಹೋಗಿದ್ದಳು. ಚಿಕ್ಕವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅಮ್ಮನ ಗುಂಪಿನತ್ತ ತಲೆ ಹಾಕಿಯೂ ಮಲಗದವಳು.

ಹೀಗಿರುವಾಗ ಟೈಲರಮ್ಮನ ಹೃದಯ ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಕಡೆಯದಾಗಿ ಬಂದ ಸಂಜೆ ಅವಳು ಯಾಕಮ್ಮನ ಮಣಿಕಟ್ಟು ಹಿಡಿದು, ತನ್ನ ಪ್ರಾರ್ಥನೆಯನ್ನು ಸಣ್ಣ ದನಿಯಲ್ಲಿ ಹೇಳಿದಳು. ಮತ್ತೆ ಹೇಳಿದಳು. ಯಾಕಮ್ಮ ಕಲಿತಳೆಂದು ಖಾತ್ರಿಯಾಗುವವರೆಗೂ ಕೈ ಬಿಡಲಿಲ್ಲ.

"ಇದನ್ನ ನಿನಗೆ ಒಪ್ಪಿಸ್ತಾ ಇದೀನಿ. ಆಯ್ತಾ?"

"ಆಯ್ತಮ್ಮ."

"ವಾಪಸ್ ತಂದು ಕೊಡ್ತೀಯ ತಾನೇ?"

"ಕೊಡ್ತೀನಿ," ಎಂದಳು ಯಾಕಮ್ಮ. ಕಾಯಿಲೆಯವರು ಕೇಳಿದ್ದಕ್ಕೆ ಯಾರಾದರೂ ಇಲ್ಲ ಎನ್ನುತ್ತಾರೆಯೇ? ಅಂದೇ ಮನೆಗೆ ಬಂದು, ‘ಗುಂಪಿನವರು ಸಂಶೋಧಕಿಯನ್ನು ನಂಬತೊಡಗಿದ್ದಾರೆ’ ಎಂದು ಬರೆದಿಟ್ಟಳು. ಸಂತೋಷದಿಂದ ಅವಳಿಗೆ ಊಟ ಸೇರಲಿಲ್ಲ.

ಮುಂದಿನ ವಾರ ಒಂದು ವಿಚಿತ್ರ ನಡೆಯಿತು. ಪಾಳಿ ಸಾಗುತ್ತಾ ಸಾಗುತ್ತಾ ಟೈಲರಮ್ಮನ ಖಾಲಿ ಕುರ್ಚಿಗೆ ಬಂದಾಗ ಎಲ್ಲರೂ ಸುಮ್ಮನಾದರು. ತಲೆ ತಗ್ಗಿಸಿದರು. ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸಿ ನೋಡಿದರು, ಚಕ್ರ ತಿರುಗಿಸಿದರು, ಮಾತಾಡಿಕೊಂಡು ಹೋದರು. ಆದರೂ ಮೇಲೆ ಮೌನ ಮುರಿಯಲಿಲ್ಲ. ಬಹಳ ಹೊತ್ತಾದ ಮೇಲೆ ಬಸ್ ಕಂಡಕ್ಟರು, ಗುಂಪಿನಲ್ಲಿ ಎಲ್ಲರಿಗಿಂತ ಹಳಬರು, ಉಸಿರು ಬಿಟ್ಟು ಎದ್ದು ತಮ್ಮ ಸಾಲು ಹೇಳಿದರು. ಅದರ ಮುಂದಿನ ವಾರವೂ ಹಾಗೇ, ಆಮೇಲಿನ ವಾರವೂ ಹಾಗೇ.

ಯಾಕಮ್ಮನ ಮೈ ಜುಮ್ಮೆಂದಿತು. ಯಾವ ಪುಸ್ತಕದಲ್ಲೂ ಇಲ್ಲದ್ದು ತನ್ನ ಕಣ್ಣೆದುರಿಗೇ ನಡೆಯುತ್ತಿದೆ. ಕಾಯಿಲೆಯಾದವರ ಪ್ರಾರ್ಥನೆಯ ಜಾಗವನ್ನು ಈ ಗುಂಪು ಮೌನದಿಂದ ತುಂಬುತ್ತದೆ, ಮಾತೇ ಧರ್ಮವಾದ ಕಡೆ ಮಾತಿಲ್ಲದಿರುವುದೇ ದೊಡ್ಡ ಪ್ರಾರ್ಥನೆ, ಎಂದೆಲ್ಲ ಬರೆದಳು. ‘ಖಾಲಿ ಪಾಳಿ’ ಎಂದು ಅಧ್ಯಾಯಕ್ಕೆ ಹೆಸರಿಟ್ಟಳು. ವಿಭಾಗದ ಸೆಮಿನಾರಿನಲ್ಲಿ ಓದಿದಾಗ ಪಕ್ಕದ ಸಂಖ್ಯಾಶಾಸ್ತ್ರದವರೂ ಬಂದು ಚಪ್ಪಾಳೆ ತಟ್ಟಿದರು. ಮೇಡಂ ಅಧ್ಯಾಯವನ್ನು ಹಿಂತಿರುಗಿಸಿದಾಗ ಅಂಚಿನಲ್ಲಿ ಮೆಚ್ಚುಗೆಯ ಗೀಟುಗಳೇ ಗೀಟುಗಳು. ಕೊನೆಯ ಪುಟದಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಒಂದೇ ಪ್ರಶ್ನೆ: ‘ಈ ಮೌನದ ಬಗ್ಗೆ ಅವರನ್ನೇ ಕೇಳಿದೆಯಾ?’

ಕೇಳಿರಲಿಲ್ಲ. ಇಡೀ ಜನ್ಮ ಯಾಕೆ ಯಾಕೆ ಎಂದವಳು ಇದೊಂದನ್ನು ಕೇಳಿರಲಿಲ್ಲ. ಉತ್ತರ ಅಷ್ಟು ಚೆಂದವಾಗಿ ತಾನಾಗಿಯೇ ಹೊಳೆದುಬಿಟ್ಟಿತ್ತು.

ಕಂಡಕ್ಟರು ಡಿಪೋದ ಕ್ಯಾಂಟೀನಿನಲ್ಲಿ ಸಿಕ್ಕರು. ಚಹಾದ ಲೋಟದ ಸುತ್ತ ಎರಡೂ ಕೈ ಸುತ್ತಿಕೊಂಡು ಕೂತಿದ್ದರು. ಯಾಕಮ್ಮ ಫೋನು ಮೇಜಿನ ಮೇಲಿಟ್ಟು, ರೆಕಾರ್ಡ್ ಮಾಡಬಹುದೇ ಎಂದು ಕೇಳಿ, ವಿಷಯಕ್ಕೆ ಬಂದಳು.

"ಟೈಲರಮ್ಮನ ಪಾಳಿ ಬಂದಾಗ ಎಲ್ಲರೂ ಸುಮ್ಮನೆ ಕೂರ್ತೀರಲ್ಲ ಅಣ್ಣ, ಅದರ ಅರ್ಥ ಏನು?"

ಕಂಡಕ್ಟರು ಅವಳ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು ಹುಡುಕುವಂತಿತ್ತು ಆ ನೋಟ.

"ಅರ್ಥ ಏನು ಬಂತು? ನಿಮ್ಮನ್ನ ಕಾಯ್ತಾ ಇರ್ತೀವಿ."

"ನನ್ನನ್ನಾ?"

"ಟೈಲರಮ್ಮ ಒಪ್ಪಿಸಿದ್ದು ನಿಮಗಲ್ವೇನಮ್ಮ? ನೀವು ಆಯ್ತು ಅಂದಿದ್ದನ್ನ ನಾನೇ ಕೇಳಿಸ್ಕೊಂಡೆ. ಬರೋಕಾಗದೋರು ಒಪ್ಪಿಸಿದ್ರೆ, ಅದನ್ನ ಹೊತ್ತೋರು ಎದ್ದು ನಿಂತು ಹೇಳ್ಬೇಕು. ಬೇರೆಯೋರು ಹೇಳೋ ಹಾಗಿಲ್ಲ. ಅದಕ್ಕೇ ಕಾಯ್ತೀವಿ, ಕಾಯ್ತೀವಿ, ಆಮೇಲೆ ಹೊತ್ತಾಯ್ತು ಅಂತ ಮುಂದಕ್ಕೆ ಹೋಗ್ತೀವಿ."

ಯಾಕಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಇಷ್ಟು ವಾರ ಆಯ್ತು. ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡ್ವಿ," ಎಂದರು ಕಂಡಕ್ಟರು. ಅವರ ದನಿಯಲ್ಲಿ ಸಂಕೋಚವಿತ್ತು. "ಆದ್ರೆ ನೀವು ಓದಿದೋರು. ನಿಮ್ಮ ಕಡೆ ಹೊತ್ತ ಪ್ರಾರ್ಥನೆನ ಮನಸ್ಸಲ್ಲೇ ಹೇಳ್ಕೋತಾರೇನೋ, ಅದು ನಿಮ್ಮ ಪದ್ಧತಿಯೇನೋ ಅಂದ್ಕೊಂಡ್ವಿ. ಬೇರೆಯೋರ ಪದ್ಧತಿ ನಡುವೆ ಬಾಯಿ ಹಾಕೋದು ಸರಿಯಲ್ಲ ಅಲ್ವಾ?"

ಅವಳು ಅವರನ್ನು ಗೌರವಿಸಿ ಬಾಯಿ ಮುಚ್ಚಿಕೊಂಡಿದ್ದಳು. ಅವರೂ ಅವಳನ್ನು ಗೌರವಿಸಿ ಬಾಯಿ ಮುಚ್ಚಿಕೊಂಡಿದ್ದರು. ನಡುವೆ ಒಬ್ಬ ಮುದುಕಿಯ ಪಾಳಿ ಹಾಳು ಬಿದ್ದಿತ್ತು.

"ಟೈಲರಮ್ಮ ಮನೇಲಿ ಹೇಳ್ಕೋತಾರಲ್ವಾ?" ಎಂದಳು ಯಾಕಮ್ಮ, ಹುಲ್ಲುಕಡ್ಡಿ ಹಿಡಿದವಳಂತೆ.

"ಎಲ್ಲಿಂದ ಹೇಳ್ತಾರೆ? ಅವರ ಹತ್ರ ಇದ್ರೆ ತಾನೇ? ಕೊಟ್ಟಮೇಲೆ ಅದು ನಿಮ್ಮ ಹತ್ರ. ಇಲ್ಲಿ ಒಂದು ಸಲನಾದ್ರೂ ಹೇಳಿ, ಆಮೇಲೆ ಹೋಗಿ ವಾಪಸ್ ಕೊಡ್ಬೇಕು. ಕೊಡೋವರೆಗೂ ಅವರು ಬಾಯಿ ಕಟ್ಟಿಸ್ಕೊಂಡ ಹಾಗೆ." ಅವರು ಲೋಟ ಬದಿಗಿಟ್ಟರು. "ಸ್ವಲ್ಪ ಬೇಗ ನೋಡಿ ತಾಯಿ. ಮೊನ್ನೆ ಹೋಗಿದ್ದೆ. ಕಾಲು ಊದಿದೆ. ಡಾಕ್ಟರು ಮಗಳನ್ನ ಪಕ್ಕಕ್ಕೆ ಕರೆದು ಮಾತಾಡಿದ್ರಂತೆ."

ಮೇಜಿನ ಮೇಲೆ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಯಾಕಮ್ಮ ರೆಕಾರ್ಡಿಂಗ್ ನಿಲ್ಲಿಸಿದಳು.

ಮೇಡಂ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬಹುಶಃ ನಗು ಬಂತು, ಬಹುಶಃ ಇಲ್ಲ.

"ಅಂದ್ರೆ ನೀನು ಅವರ ಮೌನದ ಬಗ್ಗೆ ಬರೀಲಿಲ್ಲ. ನಿನ್ನ ಮೌನದ ಬಗ್ಗೆ ಬರೆದೆ. ಪುಟಗಟ್ಟಲೆ."

"ಹೂಂ ಮೇಡಂ."

"ನಾನೂ ಪುಟಗಟ್ಟಲೆ ಗೀಟು ಹಾಕಿದೆ. ಅಧ್ಯಾಯ ಹೋಯ್ತು ಬಿಡು. ಈ ವರ್ಷ ಮುಗಿಸೋದೂ ಅನುಮಾನ."

"ಅದು ಹೋಗಲಿ ಮೇಡಂ. ನಾನು ಈಗ ಎದ್ದು ನಿಂತು ಹೇಳಬಹುದಾ? ನನಗೆ ನಂಬಿಕೆ ಇಲ್ಲ. ನಟನೆ ಅವಮಾನ ಅಂತ ನೀವೇ ಹೇಳಿದ್ರಿ."

ಮೇಡಂ ಎದ್ದು ಕಿಟಕಿಯ ಬಳಿ ಹೋದರು. ಕಾರಿಡಾರಿನಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೈಯುತ್ತಿದ್ದರು.

"ಬಾಯಿ ಇಲ್ಲೇ ಬಿಟ್ಟು ಹೋಗಿ ಅಂದೆ. ನಿಜ. ನೀನು ಬಿಟ್ಟು ಹೋಗಲಿಲ್ಲವಲ್ಲ. ಆಯ್ತಮ್ಮ ಅಂದೆ, ಕೊಡ್ತೀನಿ ಅಂದೆ. ಬಾಯಿ ಆವತ್ತೇ ಆಡಿಬಿಟ್ಟಿದೆ. ಇನ್ನು ಮುಂದಿನದು ವಿಭಾಗ ಹೇಳಿಕೊಡೋ ವಿಷಯ ಅಲ್ಲ, ಮಗು."

ಮನೆಯಲ್ಲಿ ಅಜ್ಜಿ ಬಟ್ಟೆ ಮಡಚುತ್ತಿದ್ದಳು. ಯಾಕಮ್ಮ ಹೋಗಿ ಪಕ್ಕದಲ್ಲಿ ಕೂತು ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಅಜ್ಜಿ ಎಳೆದಾಗ ಇವಳು ಸಡಿಲ ಬಿಟ್ಟಳು, ಮಡಿಕೆ ಓರೆಯಾಯಿತು.

"ಮನಸ್ಸೆಲ್ಲಿದೆ?"

"ಅಜ್ಜಿ, ನಂಬದೆ ಇರೋದನ್ನ ಬಾಯಿಬಿಟ್ಟು ಹೇಳಿದ್ರೆ ಸುಳ್ಳಾಗಲ್ವಾ?"

"ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸನ್ನ ನಾನು ನಂಬಿ ಹೇಳ್ತಿದ್ನಾ?"

"ಅದು ಕಥೆ."

"ಕಥೆಯೇ. ನಿನಗೆ ನಿದ್ದೆ ಬರಲಿ ಅಂತ ಹೇಳ್ತಿದ್ದೆ. ನಿದ್ದೆ ನಿಜವಾಗ್ಲೂ ಬರ್ತಿತ್ತು." ಅಜ್ಜಿ ಹೊದಿಕೆ ಬಿಚ್ಚಿ ಮತ್ತೆ ತುದಿ ಕೊಟ್ಟಳು. "ನೆಟ್ಟಗೆ ಹಿಡ್ಕೊ. ಯಾರಿಗೋಸ್ಕರ ಹೇಳ್ಬೇಕು?"

"ಒಬ್ಬ ಅಮ್ಮನಿಗೋಸ್ಕರ. ಸಾಯೋ ಹಾಗಿದ್ದಾರೆ."

"ಮತ್ತೆ ಇಲ್ಲಿ ಕೂತು ಹೊದಿಕೆ ಯಾಕೆ ಮಡಚ್ತಿದ್ದೀಯೇ?" ಎಂದಳು ಅಜ್ಜಿ.

ಗುಂಪು ಸೇರುವ ದಿನ ಯಾಕಮ್ಮ ಎಲ್ಲರಿಗಿಂತ ಮೊದಲೇ ಬಂದು ಕೂತಳು. ಬರೆಯುವ ಹಾಳೆ ತಂದಿರಲಿಲ್ಲ, ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು. ಕೈಗಳಿಗೆ ಕೆಲಸವಿಲ್ಲದೆ ಅವು ಯಾರದೋ ಕೈಗಳಂತೆ ತೊಡೆಯ ಮೇಲೆ ಬಿದ್ದಿದ್ದವು. ಒಬ್ಬೊಬ್ಬರೇ ಬಂದರು. ಔಷಧಿ ಅಂಗಡಿಯವನು, ಶಾಲೆಯ ಆಯಾ, ಕಂಡಕ್ಟರು. ಯಾರೂ ಏನೂ ಕೇಳಲಿಲ್ಲ. ಪಾಳಿ ಶುರುವಾಯಿತು. ಪಕ್ಕದ ಖಾಲಿ ಕುರ್ಚಿಗೆ ಬರುವ ಹೊತ್ತಿಗೆ ಎಲ್ಲರೂ ರೂಢಿಯಂತೆ ತಲೆ ತಗ್ಗಿಸಿದರು.

ಯಾಕಮ್ಮ ಎದ್ದು ನಿಂತಳು. ಕುರ್ಚಿ ಕಿರುಗುಟ್ಟಿತು. ಆಯಾ ತಲೆ ಎತ್ತಿ, ಮತ್ತೆ ತಗ್ಗಿಸಿದಳು.

"ಇವತ್ತು ನನ್ನ ಕೈಗೆ ಬಂದದ್ದು ನನ್ನಿಂದ ಹರಿಯದೆ ಇರಲಿ. ಹರಿದರೆ, ಹೊಲಿಯುವಷ್ಟು ಬೆಳಕು ಉಳಿದಿರಲಿ. ನಾನು ಅಳತೆ ತಪ್ಪಿ ಕತ್ತರಿಸಿದ್ದನ್ನು ಯಾರಾದರೂ ಹೇಗಾದರೂ ತೊಟ್ಟುಕೊಳ್ಳಲಿ. ನನಗಿಂತ..."

ಅಲ್ಲಿ ನಿಂತುಹೋಯಿತು. ಮರೆತಿರಲಿಲ್ಲ. ಆ ಸಾಲನ್ನು ಅವಳು ಅಧ್ಯಾಯದಲ್ಲಿ ಬಿಡಿಸಿ ಬಿಡಿಸಿ ವಿವರಿಸಿದ್ದಳು, ವೃತ್ತಿಯ ಮಾತು ಮನೆಯ ಮಾತಾಗುವ ಜಾಗ ಎಂದು ಅಡಿಗೆರೆ ಹಾಕಿದ್ದಳು. ಆದರೆ ಅದು ಜ್ವರದಲ್ಲಿ ತೀರಿಹೋದ ಆ ಮಗುವಿನ ಬಗ್ಗೆ ಎಂಬುದು ಈಗ, ಬಾಯಿಬಿಟ್ಟು ಹೇಳಹೊರಟಾಗ ತಿಳಿಯಿತು. ಇಷ್ಟು ವಾರ ಆ ಮಗುವಿಗಾಗಿ ಜಗತ್ತಿನಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ. ಕೇಳಬೇಕಾದವಳು ಇಲ್ಲಿ ಕೂತು ಬರೆಯುತ್ತಿದ್ದಳು.

ಯಾರೂ ಎತ್ತಿಕೊಡಲಿಲ್ಲ. ಎತ್ತಿಕೊಡುವಂತಿರಲಿಲ್ಲ. ಕಂಡಕ್ಟರ ತುಟಿ ಮಾತ್ರ ಬಿಗಿಯಾಯಿತು. ಕೆಳಗೆ ಪಂಪು ಉಸಿರೆಳೆದು ಬಿಡುತ್ತಿತ್ತು. ಯಾಕಮ್ಮ ಮೊದಲಿನಿಂದ ಶುರು ಮಾಡಿದಳು. ಈ ಸಲ ನಿಧಾನವಾಗಿ, ಒಂದೊಂದು ಸಾಲಿಗೂ ಕಾಲೂರಿ. ಕೊನೆಯದಕ್ಕೆ ಬಂದು, ನಂಬಿಕೆ ಇದೆಯೋ ಇಲ್ಲವೋ ಎಂದು ಹುಡುಕುವುದಕ್ಕೆ ಹೋಗಲಿಲ್ಲ.

"ನನಗಿಂತ ಮೊದಲು ಹೋದವಳಿಗೆ, ಎಲ್ಲಿದ್ದರೂ, ಚಳಿಯಾಗದೆ ಇರಲಿ."

ಕೂತಳು. ಕಂಡಕ್ಟರು ಎದ್ದು ತಮ್ಮ ಸಾಲು ಹೇಳಿದರು. ಪಾಳಿ ಮುಂದಕ್ಕೆ ಹೋಯಿತು.

ಟೈಲರಮ್ಮನ ಮನೆ ಎರಡು ಕೋಣೆಯದು. ಹೊಲಿಗೆ ಯಂತ್ರಕ್ಕೆ ಹಳೆ ಬೆಡ್‌ಶೀಟು ಹೊದಿಸಿ ಅದರ ಮೇಲೆ ಮಾತ್ರೆಗಳ ಡಬ್ಬಿ ಇಟ್ಟಿದ್ದರು. ಬಾಗಿಲು ತೆರೆದ ಮಗಳು ಇನ್ನೂ ಲ್ಯಾಬಿನ ಬಿಳಿ ಕೋಟಿನಲ್ಲೇ ಇದ್ದಳು. ಒಳಗೆ ಬಿಡಲಿಲ್ಲ.

"ಏನು, ಪರೀಕ್ಷೆ ಹತ್ರ ಬಂತಾ?"

"ಅಮ್ಮನ್ನ ನೋಡ್ಬೇಕಿತ್ತು ಅಕ್ಕ."

"ಈಗ ಬಂದ್ರಾ. ದಿನಾ ಸಾಯಿಸ್ತಾಳೆ ನನ್ನ, ಆ ಹುಡುಗಿ ಹೇಳಿದ್ಲಂತಾ, ಹೇಳಿದ್ಲಂತಾ ಅಂತ. ಗುಂಪಿನೋರಿಗೆ ಫೋನ್ ಮಾಡಿದ್ದೆ, ಹೇಳಿದ್ಲಂತೆ ಅಂತ ನಾನೂ ಪ್ರತಿ ವಾರ ಸುಳ್ಳು ಹೇಳಿದೀನಿ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಅವಳು ನೆಮ್ಮದಿಯಾಗಿ ಉಸಿರಾಡ್ಲಿ, ಅಷ್ಟೇ." ಅವಳ ಕಣ್ಣು ಕೆಂಪಾಗಿತ್ತು. "ನೀವು ಒಳಗೆ ಹೋಗಿ, ನಾನು ಹೇಳಲಿಲ್ಲ ಅಂತ ಹೇಳೋದಾದ್ರೆ ಬಾಗಿಲಲ್ಲೇ ವಾಪಸ್ ಹೋಗಿ."

"ಇವತ್ತು ಹೇಳಿ ಬಂದೆ ಅಕ್ಕ. ವಾಪಸ್ ಕೊಡೋಕೆ ಬಂದೆ."

ಮಗಳು ಪಕ್ಕಕ್ಕೆ ಸರಿದಳು.

ಟೈಲರಮ್ಮ ದಿಂಬುಗಳಿಗೆ ಒರಗಿ, ಹೆಚ್ಚೂಕಡಿಮೆ ಕೂತೇ ಇದ್ದಳು. ಮುಖ ಊದಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಸೇದುತ್ತಿದ್ದಳು. ಯಾಕಮ್ಮನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಮೇಲೆ ನೇರ ಲೆಕ್ಕಕ್ಕೇ ಬಂದಳು.

"ಪ್ರತಿ ವಾರ ಹೇಳಿದ್ಯಾ?"

ಬಾಗಿಲ ಬಳಿ ಮಗಳು ಉಸಿರು ಹಿಡಿದಳು. ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಮುದುಕಿಗೂ ಸಮಾಧಾನ, ಮಗಳ ಮಾತೂ ಉಳಿಯುತ್ತಿತ್ತು. ಆದರೆ ಇವಳ ಬಾಯಿಯಲ್ಲಿದ್ದದ್ದು ಬೇರೆಯವರ ಪ್ರಾರ್ಥನೆ. ಅದರ ಪಕ್ಕದಲ್ಲಿ ಸುಳ್ಳನ್ನು ಇಡುವುದಕ್ಕೆ ಜಾಗವಿರಲಿಲ್ಲ.

"ಇಲ್ಲಮ್ಮ. ಹೇಳ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಇವತ್ತು ಒಂದೇ ಸಲ ಹೇಳಿದೀನಿ. ಅದೂ ನಡುವೆ ನಿಂತುಹೋಗಿ, ಮೊದಲಿಂದ ಹೇಳಿದೆ."

ಟೈಲರಮ್ಮ ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ಎಷ್ಟು ಹೊತ್ತೆಂದರೆ, ಮಗಳು ಹತ್ತಿರ ಬಂದು ನಾಡಿ ಹಿಡಿದು ನೋಡಿದಳು.

"ಬಿಡೇ," ಎಂದಳು ಟೈಲರಮ್ಮ ಮಗಳಿಗೆ, ಕಣ್ಣು ತೆರೆಯದೆ. "ಬದುಕಿದೀನಿ. ನೀನು ಸುಳ್ಳು ಹೇಳೋವಾಗ ಮೂಗು ಉಜ್ಕೋತೀಯ, ಚಿಕ್ಕಂದಿನಿಂದ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಮಗಳು ಅಮ್ಮನ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು. ಟೈಲರಮ್ಮ ಅದನ್ನು ಮತ್ತೆ ಹೊರಗೆ ತೆಗೆದು ಯಾಕಮ್ಮನ ಕಡೆ ಚಾಚಿದಳು.

"ಎಲ್ಲಿ ನಿಂತೆ?"

"ಕೊನೇ ಸಾಲಲ್ಲಿ."

"ನಾನೂ ಅಲ್ಲೇ ನಿಲ್ತಿದ್ದೆ. ವರ್ಷಗಟ್ಟಲೆ." ಅವಳು ಉಸಿರು ಸೇದಿಕೊಂಡಳು. "ಹೂಂ. ಕೊಡು ಈಗ."

ಯಾಕಮ್ಮ ಹಾಸಿಗೆಯ ಅಂಚಿನಲ್ಲಿ ಕೂತು, ಆ ಕೈ ಹಿಡಿದು, ಮೊದಲ ಸಾಲು ಹೇಳಿದಳು. ಟೈಲರಮ್ಮ ಹಿಂದೆಯೇ ಹೇಳಿದಳು. ಎರಡನೆಯದು ಹೇಳಿದಳು. ಟೈಲರಮ್ಮ ಉಸಿರಿಗೆ ನಿಂತು, ಸುಧಾರಿಸಿಕೊಂಡು, ಅದನ್ನೂ ಹೇಳಿದಳು. ಮೂರನೆಯದರ ಹೊತ್ತಿಗೆ ಮುದುಕಿಯ ದನಿ ಮುಂದಾಯಿತು, ಹುಡುಗಿಯದು ಹಿಂದೆ ಬಿತ್ತು. ಕೊನೆಯ ಸಾಲಿಗೆ ಯಾಕಮ್ಮ ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಬೆರಳೆತ್ತಿ ತಡೆದಳು. ಕಣ್ಣು ತೆರೆದು, ಎದುರಿನ ಗೋಡೆಯನ್ನು ನೋಡುತ್ತ, ಆ ಸಾಲನ್ನು ತಾನೊಬ್ಬಳೇ, ತಡೆಯಿಲ್ಲದೆ, ಕೊನೆಯ ಅಕ್ಷರದವರೆಗೂ ಹೇಳಿ ಮುಗಿಸಿದಳು.